ಅರ್ಧ ಬಟ್ಟಲು ಫೈಬರ್, ತುಂಬಿದ ಬಟ್ಟಲು ಕೇಬಲ್

ಚಹಾ ತಣ್ಣಗಾಗುವುದರೊಳಗೆ ಅಪರಿಚಿತನನ್ನು ನೆಂಟನನ್ನಾಗಿ ಮಾಡುವ ವಿದ್ಯೆ ಈ ಭೂಮಂಡಲದಲ್ಲಿ ಒಬ್ಬಳಿಗೇ ಸಿದ್ಧಿಸಿದೆ. ಅವಳು ನನ್ನ ತಾಯಿ, ಕಲಿಪಾ ಅಪಾ. ನಮ್ಮ ಕಿರ್ಗಿಜ್ ಗಂಡಸರಿಗೆಲ್ಲ ಏಳು ತಲೆಮಾರಿನ ತಂದೆಯರ ಹೆಸರು ಬಾಯಿಪಾಠ ಇರಬೇಕು, ಸರಿ. ಆದರೆ ಅವರವರ ಹೆಸರು ಅವರವರಿಗೆ. ಎಲ್ಲರ ಏಳು ತಲೆಮಾರೂ ಅಪಾಳ ತಲೆಯಲ್ಲಿವೆ ಎಂದು ಬಿಷ್ಕೆಕ್ ನಗರ ನಂಬುತ್ತದೆ. ಒಮ್ಮೆ ನಮ್ಮ ವ್ಯಾನನ್ನು ತಡೆದ ಸಂಚಾರಿ ಪೊಲೀಸನೊಬ್ಬ ಎರಡು ಮಾತಿನಲ್ಲಿ ಅಪಾಳ ಚಿಕ್ಕಪ್ಪನ ಮೊಮ್ಮಗನಾಗಿ, ಅವಳ ಹಣ್ಣಿನ ಜಾಮಿನ ಡಬ್ಬ ಹೊತ್ತುಕೊಂಡು ಮನೆವರೆಗೆ ಬಂದ. ಹಲ್ಲಿನ ವೈದ್ಯನ ಕುರ್ಚಿಯಲ್ಲಿ ಬಾಯಿ ತೆರೆದು ಕೂತಿದ್ದಾಗಲೂ, ಬರೀ ಕೈಸನ್ನೆಯಿಂದ, ಅವನು ತನಗೆ ಸೋದರಳಿಯನಾಗಬೇಕೆಂದು ಸಾಬೀತು ಮಾಡಿದಳು. (ಹಲ್ಲು ಇನ್ನೂ ಬಾಯಲ್ಲೇ ಇದೆ. ಸ್ವಂತ ಅತ್ತೆಯ ಹಲ್ಲು ಕೀಳಲು ಯಾರಿಗೆ ಮನಸ್ಸು ಬರುತ್ತದೆ?) ಅಪಾ ಅಂಗಳದಲ್ಲಿ ನಡೆದರೆ ಬೀದಿನಾಯಿಗಳೂ ಬಾಲ ಇಳಿಸಿ ಯೋಚಿಸುತ್ತವೆ, ತಾವೂ ಯಾವುದೋ ಕಡೆಯಿಂದ ಸಂಬಂಧಿಕರಿರಬಹುದೇ ಎಂದು.

ಈ ಮಹಾಶಕ್ತಿಯನ್ನು ನನ್ನ ಸ್ವಾರ್ಥಕ್ಕೆ ಬಳಸಿಕೊಳ್ಳುವ ದುರ್ಬುದ್ಧಿ ನನಗೆ ಬಂದದ್ದು ಇಂಟರ್ನೆಟ್ ವಿಚಾರದಲ್ಲಿ.

ನಮ್ಮ ಮನೆಗೆ ಅಲ್ಲಿಯವರೆಗೆ ಇಂಟರ್ನೆಟ್ ಬರುತ್ತಿದ್ದದ್ದು ಹಳೆಯ ಟೆಲಿಫೋನ್ ತಂತಿಯಲ್ಲಿ. ಬರುತ್ತಿತ್ತು ಎನ್ನುವುದಕ್ಕಿಂತ ತೆವಳುತ್ತಿತ್ತು ಎನ್ನಬೇಕು. ನನ್ನ ಹೆಂಡತಿ ಬುರುಲ್ ಅದೇ ತಂತಿಯ ಮೇಲೆ ಊರೂರಿನ ಹೆಂಗಸರಿಗೆ ಶಿರ್ದಾಕ್ ಎಂಬ ಚಿತ್ತಾರದ ನೆಲಹಾಸು ಮಾಡುವುದನ್ನು ಕಲಿಸುತ್ತಾಳೆ. ಉಣ್ಣೆಯ ಎರಡು ಬಣ್ಣದ ಹಾಸುಗಳನ್ನು ಒಂದರ ಮೇಲೊಂದಿಟ್ಟು, ಟಗರಿನ ಕೊಂಬಿನ ಚಿತ್ತಾರವನ್ನು ಎರಡಕ್ಕೂ ಒಟ್ಟಿಗೇ ಕತ್ತರಿಸಬೇಕು. ತಪ್ಪಿದರೆ ಎರಡೂ ಹಾಳು. ಹೋದ ಪಾಠದಲ್ಲಿ ಬುರುಲ್ ಕತ್ತರಿ ಎತ್ತಿ "ಇಲ್ಲಿ ನಿಲ್ಲಿಸಿ" ಎನ್ನುವಷ್ಟರಲ್ಲಿ ಚಿತ್ರವೇ ನಿಂತುಹೋಯಿತು. ಮಾತು ಆ ಕಡೆಗೆ ತಲುಪಲಿಲ್ಲ. ಓಶ್‌ನಲ್ಲಿ ಒಬ್ಬಾಕೆಯ ಟಗರಿಗೆ ಮೂರು ಕೊಂಬು ಬಂತು. ಇನ್ನೊಬ್ಬಾಕೆ ಕತ್ತರಿಸುತ್ತಾ ಹೋಗಿ ಹಾಸಿನ ಆಚೆ ದಡ ಸೇರಿದಳು. ಶನಿವಾರದ ಪಾಠವೂ ಹೀಗೇ ಆದರೆ ತಾವು ಬೇರೆ ಗುರುವನ್ನು ಹುಡುಕಿಕೊಳ್ಳುತ್ತೇವೆಂದು ಇಡೀ ತಂಡ ತಿಳಿಸಿತು. ಬುರುಲ್‌ಗೆ ಆ ಪಾಠವೆಂದರೆ ಪ್ರಾಣ. ಅಂದು ಅವಳು ಊಟ ಬಡಿಸುವಾಗಲೂ ಕತ್ತರಿ ಕೈಯಲ್ಲೇ ಇತ್ತು. ನಾನು ಏನನ್ನೂ ಎರಡನೇ ಸಲ ಬಡಿಸಿಕೊಳ್ಳಲಿಲ್ಲ.

"ಫೈಬರ್ ಹಾಕಿಸೋಣ," ಎಂದಳು.

"ಕೇಬಲ್ ಹಾಕಿಸೋಣ," ಎಂದೆ ನಾನು. ಏಕೆಂದರೆ ಕೇಬಲ್ಲಿನ ಜೊತೆ ಟಿವಿ ಬರುತ್ತದೆ, ಟಿವಿಯಲ್ಲಿ ಕೋಕ್-ಬೋರು ಬರುತ್ತದೆ. ಕುದುರೆ ಸವಾರರು ಸತ್ತ ಆಡಿಗಾಗಿ ಕಿತ್ತಾಡುವ ಆ ದಿವ್ಯ ಕ್ರೀಡೆಯನ್ನು ನಾನು ಕೂತು ನೋಡುವವನಲ್ಲ. ಸೋಫಾದ ಮೇಲೆ ಸವಾರಿ ಮಾಡುತ್ತಾ ನೋಡುವವನು. ಆದರೆ ಇದನ್ನು ಬಾಯಿಬಿಟ್ಟು ಹೇಳಲಾಗದು. "ಕೇಬಲ್ಲಿನ ವೇಗ ನೋಡು ಬುರುಲ್, ಕಣ್ಣು ಮುಚ್ಚಿ ತೆಗೆಯೋದ್ರಲ್ಲಿ ಸಿನಿಮಾ ಬಂದುಬಿಡತ್ತೆ."

"ಬರೋದು ಯಾರಿಗೆ ಬೇಕಾಗಿದೆ ರೀ? ನಂಗೆ ಹೋಗೋದು ಮುಖ್ಯ. ನನ್ನ ಚಿತ್ರ ಇಲ್ಲಿಂದ ಹೋಗಬೇಕು. ಕೇಬಲ್ಲು ತರೋವಾಗ ಕುದುರೆ, ಒಯ್ಯೋವಾಗ ಕತ್ತೆ. ಫೈಬರ್ ಎರಡು ಕಡೆಗೂ ಕುದುರೆ."

"ಅದು ಗಾಜಿನ ಎಳೆಯಂತೆ. ಅದರೊಳಗೆ ಬೆಳಕು ಓಡತ್ತಂತೆ. ಬೆಳಕಲ್ಲಿ ನಿನ್ನ ಕತ್ತರಿ ಹೇಗೆ ಹೋಗತ್ತೆ?"

"ತಾಮ್ರದ ತಂತಿಯಲ್ಲಿ ನಿಮ್ಮ ಆಡು ಹೇಗೆ ಬರತ್ತೆ?"

(ಇವಳಿಗೆ ಆಡಿನ ವಿಷಯ ಗೊತ್ತಾದದ್ದು ಹೇಗೆ?)

ಒಳಗೊಳಗೆ ನನಗೂ ಕುತೂಹಲವಿತ್ತೆಂದು ಒಪ್ಪಿಕೊಳ್ಳುತ್ತೇನೆ. ಕೂದಲಿನಷ್ಟು ಗಾಜಿನೊಳಗೆ ಒಬ್ಬ ಹೆಂಗಸು, ಒಂದು ಕತ್ತರಿ ಮತ್ತು ಎರಡು ಉಣ್ಣೆಹಾಸು ತೂರಿಕೊಂಡು ಓಶ್‌ವರೆಗೆ ಹೋಗುವುದೆಂದರೇನು? ಆದರೆ ಕುತೂಹಲ ಬೇರೆ, ಕೋಕ್-ಬೋರು ಬೇರೆ. ಕೊನೆಗೆ ಮನೆ ಅಪಾಳ ಹೆಸರಿನಲ್ಲಿರುವುದರಿಂದ ಅಪಾಳೇ ತೀರ್ಪು ಕೊಡಲಿ ಎಂದು ಒಪ್ಪಂದವಾಯಿತು. ಗುರುವಾರ ಎರಡೂ ಕಂಪನಿಯವರು ಬರಲಿ, ಅಪಾ ನೋಡಲಿ, ಅವಳು ಯಾರಿಗೆ ಹೂಂ ಎನ್ನುತ್ತಾಳೋ ಅವರದೇ ತಂತಿ.

ಬುರುಲ್ ಆ ಕಡೆ ಹೋದದ್ದೇ ನಾನು ಕೇಬಲ್ ಕಚೇರಿಗೆ ಫೋನು ಮಾಡಿ ಪಿಸುಗುಟ್ಟಿದೆ: "ತಲಾಸ್ ಕಡೆಯವರು ಯಾರಾದರೂ ಇದ್ದರೆ ಅವರನ್ನೇ ಕಳಿಸಿ." ತಲಾಸ್ ನಮ್ಮ ಪೂರ್ವಿಕರ ಸೀಮೆ. ಅಲ್ಲಿಯವನು ಬಂದರೆ ಅಪಾ ನೆಂಟಸ್ತನ ಅಗೆದು ತೆಗೆಯುವುದು ಖಂಡಿತ. ನೆಂಟನನ್ನು ಬಾಗಿಲಿನಿಂದ ಬರಿಗೈಯಲ್ಲಿ ಕಳಿಸುವುದುಂಟೆ? ನನ್ನ ಚಾಣಾಕ್ಷತನಕ್ಕೆ ನಾನೇ ಬೆರಗಾದೆ.

ಗುರುವಾರ ಮಧ್ಯಾಹ್ನ ಇಬ್ಬರೂ ಒಟ್ಟಿಗೇ ಬಂದು ಬಾಗಿಲಲ್ಲಿ ಒಬ್ಬರನ್ನೊಬ್ಬರು ದುರುಗುಟ್ಟಿ ನೋಡಿದರು. ಕೇಬಲ್ಲಿನವನು ಮೆಲಿಸ್, ಅಗಲ ಹೆಗಲಿನವನು, ಮಾತಾಳಿ. ಫೈಬರಿನವನು ಜೆನಿಶ್, ತನ್ನ ತಂತಿಯಷ್ಟೇ ಸಪೂರ, ಮಾತೂ ಅಷ್ಟೇ ಸಪೂರ. ಅಪಾ ಇಬ್ಬರನ್ನೂ ಒಳಗೆಳೆದು ಹಾಸಿನ ಮೇಲೆ ಕೂರಿಸಿದಳು. ಎಣ್ಣೆಯಲ್ಲಿ ಕರಿದ ಹಿಟ್ಟಿನ ಬೋರ್ಸೋಕ್, ಕೆನೆ, ಏಪ್ರಿಕಾಟ್ ಜಾಮು, ರೊಟ್ಟಿ ಎಲ್ಲ ಬಂತು. ರೊಟ್ಟಿಗೆ ಬಾಯಿ ಮುಟ್ಟಿಸದೆ ನಮ್ಮಲ್ಲಿ ಕಳ್ಳನೂ ಹೊರಹೋಗುವಂತಿಲ್ಲ.

"ಏನಪ್ಪಾ, ನಿನ್ನ ತಂತಿಯಲ್ಲಿ ಏನೇನು ಬರತ್ತೆ?" ಎಂದು ಅಪಾ ಮೆಲಿಸನನ್ನು ಕೇಳಿದಳು.

"ಎಲ್ಲಾ ಬರತ್ತೆ ಅಪಾ! ಇಂಟರ್ನೆಟ್ಟು, ಟಿವಿ, ಕೋಕ್-ಬೋರು ಪಂದ್ಯ ಒಂದೂ ಬಿಡಲ್ಲ. ಶಬ್ದ ಅಂತೂ, ಕುದುರೆ ನಿಮ್ಮ ತಲೆದಿಂಬಿನ ಪಕ್ಕದಲ್ಲೇ ಓಡಿದಂಗೆ!"

ನಾನು ಸಂತೋಷದಿಂದ ಒಂದು ಬೋರ್ಸೋಕ್ ಇಡಿಯಾಗಿ ನುಂಗಿದೆ.

"ನಿಂದ್ರಲ್ಲಿ?" ಎಂದು ಜೆನಿಶ್ ಕಡೆ ತಿರುಗಿದಳು.

"ಇಂಟರ್ನೆಟ್ಟು, ಅಪಾ."

"ಮತ್ತೆ?"

"ಅಷ್ಟೇ."

"ಬೆಳಕು ಓಡತ್ತಂತಲ್ಲ. ಕಣ್ಣಿಗೆ ಹೊಡೆಯತ್ತಾ? ಸದ್ದು ಮಾಡತ್ತಾ?"

"ಇಲ್ಲ ಅಪಾ. ಬೆಳಕು ಹೊರಗೆ ಕಾಣಲ್ಲ. ಸದ್ದೂ ಇಲ್ಲ."

ಅಪಾಳ ಕುತೂಹಲ ನೋಡಿ ನನಗೆ ಹೆಮ್ಮೆಯಾಯಿತು. ಈ ವಯಸ್ಸಿನಲ್ಲೂ ವಿಜ್ಞಾನದ ಮೇಲೆ ಎಂಥ ಆಸಕ್ತಿ! ಬುರುಲ್ ಮಾತ್ರ ಚಹಾದ ಕೆಟಲ್ ಹಿಡಿದು ಉಸಿರು ಬಿಗಿಹಿಡಿದು ನಿಂತಿದ್ದಳು. ಅಪಾ ಎಡಗೈಯಿಂದ ತನ್ನ ಬೆನ್ನ ಹಿಂದಿನ ಗೋಡೆಯನ್ನೊಮ್ಮೆ ತಟ್ಟಿ ನೋಡಿದಳು. ಈ ಕಡೆ ಟಿವಿ, ಆ ಕಡೆ ಅವಳ ಮಂಚ. ಗೋಡೆ ಗಟ್ಟಿ ಇದೆಯೇ ಎಂದು ಪರೀಕ್ಷಿಸಿದಳೆಂದುಕೊಂಡೆ.

ಆಮೇಲೆ ಮಹಾಪ್ರಶ್ನೆ ಬಂತು. "ಎಲ್ಲಿಯವನಪ್ಪಾ ನೀನು?"

"ತಲಾಸ್, ಅಪಾ," ಎಂದ ಮೆಲಿಸ್. ನಾನು ಚಾವಣಿ ನೋಡಿದೆ.

"ನಿನ್ನ ತಂದೆಯರ ಹೆಸರು ಹೇಳು."

ಅವನು ಹೇಳುತ್ತಾ ಹೋದ. ಐದನೆಯ ಹೆಸರಿಗೆ ಅಪಾ ತೊಡೆ ತಟ್ಟಿಕೊಂಡಳು. "ಬೊರೊನ್‌ಬಾಯ್! ಅಯ್ಯೋ ನನ್ನ ಕೂಸೇ! ನನ್ನ ಮಾವನವರಿಗೆ ದಾಯಾದಿ ಕಣೋ ಅವ್ರು. ನೀನು ನಮ್ಮವನೇ! ಸಗಿನ್, ನೋಡೋ, ನಿನ್ನ ತಮ್ಮ ಬಂದಿದ್ದಾನೆ!"

ನಾನು ಎದ್ದು ತಮ್ಮನನ್ನು ಅಪ್ಪಿಕೊಂಡೆ. ಬುರುಲ್‌ಳ ಮುಖ ಬಿಳಿಚಿಕೊಂಡಿತು. ನನ್ನ ಕಣ್ಣ ಮುಂದೆ ಕುದುರೆಗಳು ದೂಳೆಬ್ಬಿಸಿದವು.

"ನೀನು?" ಎಂದು ಅಪಾ ಸಪೂರನನ್ನು ಕೇಳಿದಳು.

"ಅತ್-ಬಾಶಿ."

"ಅತ್-ಬಾಶಿ!" ಅಪಾ ಮೊಣಕಾಲ ಮೇಲೆ ಎದ್ದೇಬಿಟ್ಟಳು. "ನಮ್ಮ ಬುರುಲ್ ತವರು! ನಿಮ್ಮಜ್ಜನ ಹೆಸರೇನು? ಓಮುರ್‌ಕುಲನೇ? ಹಾಗಾದ್ರೆ ನೀನು ಬೀಗರ ಕಡೆಯವನು! ಅಯ್ಯೋ ದೇವರೇ, ಬೀಗರನ್ನ ಬಾಗಿಲ ಹತ್ರ ಕೂರಿಸಿಬಿಟ್ವಲ್ಲ! ಏಳಪ್ಪಾ, ಮೇಲೆ ಬಾ."

ಬಾಗಿಲಿಗೆ ದೂರವಾದ ಗೌರವದ ಜಾಗಕ್ಕೆ ಜೆನಿಶ್ ಬಡ್ತಿ ಹೊಂದಿದ. ಆ ಜಾಗದಲ್ಲಿ ಅದುವರೆಗೆ ಕೂತಿದ್ದವನು ನಾನು. ಬಾಗಿಲ ಹತ್ತಿರ ತಮ್ಮನ ಪಕ್ಕಕ್ಕೆ ಜರುಗಿದೆ. ಅಪಾ ಕೆಟಲ್ ತೆಗೆದುಕೊಂಡು ಬೀಗರ ಬಟ್ಟಲಿಗೆ ತಳ ಮುಚ್ಚುವಷ್ಟೇ ಚಹಾ ಬಗ್ಗಿಸಿದಳು. ಇನ್ನೂ ಕೂತಿರು, ಮತ್ತೆ ಮತ್ತೆ ಬಗ್ಗಿಸುತ್ತೇನೆ ಎಂದರ್ಥ. ಆಮೇಲೆ ಮೆಲಿಸನ ಬಟ್ಟಲಿಗೆ ಬಗ್ಗಿಸತೊಡಗಿದಳು. ಅರ್ಧವಾಯಿತು. ನಿಲ್ಲಿಸಲಿಲ್ಲ. ಮುಕ್ಕಾಲಾಯಿತು. ಬಟ್ಟಲು ಕಂಠಮಟ್ಟ ತುಂಬಿತು. ತುಂಬಿದ ಬಟ್ಟಲಿಗೆ ನಮ್ಮ ದೇಶದಲ್ಲಿ ಒಂದೇ ಅರ್ಥ: ಕುಡಿದು ಹೊರಡು.

"ಅಪಾ!" ಎಂದೆ ನಾನು. "ನಮ್ಮವನನ್ನೇ ಕಳಿಸ್ತೀಯಾ?"

"ನಮ್ಮವನು ಅಂತಲೇ ಕಣೋ. ನಮ್ಮವನಿಗೆ ಬೇಡ ಅನ್ನಬಹುದು, ಅವನೇನು ಬೇಜಾರು ಮಾಡ್ಕೋತಾನಾ? ಬೀಗರಿಗೆ ಬೇಡ ಅಂದ್ರೆ ಅತ್-ಬಾಶಿವರೆಗೆ ಸುದ್ದಿ ಹೋಗತ್ತೆ. ಅಲ್ವೇನಪ್ಪಾ ಮೆಲಿಸ್?"

"ಹೌದು ಅಪಾ," ಎಂದ ಆ ದ್ರೋಹಿ, ಬಾಯಿ ತುಂಬ ಬೋರ್ಸೋಕ್ ಇಟ್ಟುಕೊಂಡು. "ನಮ್ಮಮ್ಮನೂ ಹಂಗೇ ಹೇಳ್ತಿದ್ಲು."

ಹೀಗೆ ನಾನೇ ಫೋನು ಮಾಡಿ ಕರೆಸಿದ ನೆಂಟಸ್ತನ ನನ್ನ ಕೇಬಲ್ಲನ್ನು ಮುಗಿಸಿತು. ಅಷ್ಟಕ್ಕೇ ನಿಲ್ಲಲಿಲ್ಲ. ಬೀಗರು ಒಬ್ಬರೇ ದುಡಿಯುವುದನ್ನು ನೋಡುತ್ತಾ ನಿಂತರೆ ಮನೆತನದ ಮರ್ಯಾದೆ ಏನಾಗಬೇಕು? ಮೆಲಿಸ್ ತನ್ನ ಕಂಪನಿಯ ಏಣಿ ತಂದು ಫೈಬರ್ ಸುರುಳಿ ಹಿಡಿದ. ನಾನು ಬೀರು ಸರಿಸಿದೆ. ಸರಿಸಿದ್ದು ತಪ್ಪು ಗೋಡೆಯಿಂದ ಎಂದು ಗೊತ್ತಾದ ಮೇಲೆ ವಾಪಸು ಸರಿಸಿದೆ. ಬುರುಲ್ ಬೀಗರಿಗೆ ಮತ್ತೆ ಮತ್ತೆ ಚಹಾ ತಂದಳು. ನನಗೆ ಅವಳು ತಂದದ್ದು ಒಂದೇ ಬಟ್ಟಲು, ತುಂಬಾ ತುಂಬಿದ್ದು.

ಶನಿವಾರದ ಪಾಠದಲ್ಲಿ ಕತ್ತರಿ ಎಲ್ಲೂ ತಡೆಯಲಿಲ್ಲ. ಓಶ್‌ನ ಟಗರಿಗೆ ಎರಡೇ ಕೊಂಬು ಬಂದವು. ಹಾಸು ದಾಟಿಹೋಗಿದ್ದ ಹೆಂಗಸು ಈ ಸಲ ದಡದ ಈಚೆಗೇ ನಿಂತು, "ಗುರುಗಳೇ, ನಿಮ್ಮ ಬೆರಳ ಗೆರೆಯೂ ಕಾಣ್ತಿದೆ!" ಎಂದು ಕೂಗಿದ್ದು ಅಡುಗೆಮನೆಗೂ ಕೇಳಿಸಿತು. ಬುರುಲ್ ನಗುತ್ತಿದ್ದಳು. ಅವಳನ್ನು ಹಾಗೆ ನೋಡಿ ನನಗೂ ಖುಷಿಯಾಯಿತು ಎನ್ನುವುದನ್ನು ಇಲ್ಲಿ ಬರೆದಿದ್ದೇನೆ, ಅವಳಿಗೆ ಹೇಳಿಲ್ಲ. ನಾನು ಅಡುಗೆಮನೆಯ ಸ್ಟೂಲಿನ ಮೇಲೆ ಕೂತು, ಕಿವಿಗೆ ಇಯರ್‌ಫೋನ್ ಸಿಕ್ಕಿಸಿ, ಮೊಬೈಲಿನಲ್ಲಿ ಕೋಕ್-ಬೋರು ನೋಡುತ್ತಿದ್ದೆ. ಕುದುರೆಗಳು ಇರುವೆಯಷ್ಟಿದ್ದವು. ಆಡು ಕಾಣಲೇ ಇಲ್ಲ.

ಅಪಾ ಮಧ್ಯಾಹ್ನದ ನಿದ್ದೆ ಮುಗಿಸಿ, ಕೆನ್ನೆಯ ಮೇಲೆ ದಿಂಬಿನ ಗೆರೆ ಹೊತ್ತು ನೀರು ಕುಡಿಯಲು ಬಂದಳು. ನನಗೆ ತಡೆಯಲಾಗಲಿಲ್ಲ.

"ಅಪಾ, ಒಂದೇ ಒಂದು ಹೇಳು. ಅತ್-ಬಾಶಿಯ ಓಮುರ್‌ಕುಲ್ ನಿನಗೆ ಹೇಗೆ ಗೊತ್ತು? ಎಷ್ಟನೇ ತಲೆಮಾರಿನಲ್ಲಿ ಅವರು ನಮಗೆ ಬೀಗರಾದ್ರು? ಇಷ್ಟೆಲ್ಲ ಹೇಗೆ ನೆನಪಿಟ್ಕೊಂಡಿದೀಯಾ?"

ಅಪಾ ನೀರು ಕುಡಿದು ಲೋಟ ಕೆಳಗಿಟ್ಟಳು.

"ಯಾವ ಓಮುರ್‌ಕುಲನೋ ಏನೋ, ಯಾರಿಗೆ ಗೊತ್ತು! ನೀನು ಟಿವಿಲಿ ಆ ಕುದುರೆ ಆಟ ಹಾಕ್ಕೊಂಡು ಕಿರುಚಿದ್ರೆ ನಂಗೆ ಮಧ್ಯಾಹ್ನ ನಿದ್ದೆ ಬರಲ್ಲ ಕಣೋ."