ಡೈರೆಕ್ಟರ್ ಬಾಯಲ್ಲಿ ಒಂದು ಒಳ್ಳೆ ಮಾತು

ಗಂಡ ಡೈರೆಕ್ಟರ್, ಹೆಂಡತಿ ನಟಿ ಆಗಿರುವ ಮನೆಯಲ್ಲಿ ಇಂಥವು ನಡೆಯುತ್ತಲೇ ಇರುತ್ತವೆ. ನಾವೇನೂ ಬೇಕಂತ ಮಾಡುವುದಿಲ್ಲ. ನಮ್ಮೆಜಮಾನರು ಸೆಟ್ಟಿನಲ್ಲಿ ಎಲ್ಲರನ್ನೂ ಬಾಯ್ತುಂಬ ಹೊಗಳುತ್ತಾರೆ. ಕಾಫಿ ತಂದುಕೊಟ್ಟವನಿಗೂ "ಸೂಪರ್ ಗುರು!" ನನಗೆ ಮಾತ್ರ "ಇನ್ನೊಂದು ಟೇಕ್." ಕೇಳಿದರೆ, "ಹೆಂಡ್ತೀನ ಹೊಗಳಿದ್ರೆ ಯೂನಿಟ್‌ನೋರು ಏನಂದ್ಕೋತಾರೆ?" ಅನ್ನುತ್ತಾರೆ. ಅವರೇನಂದುಕೊಳ್ಳುತ್ತಾರೋ ಗೊತ್ತಿಲ್ಲ, ನನಗಂತೂ ಹೊಟ್ಟೆ ಉರಿಯುತ್ತಿತ್ತು, ಬೇಜಾರೂ ಆಗುತ್ತಿತ್ತು. ಈ ಸಲ ಖಡಾಖಂಡಿತವಾಗಿ ಹೇಳಿಬಿಟ್ಟೆ: "ಈ ಸಿನಿಮಾ ಮುಗಿಯೋದ್ರೊಳಗೆ ಒಂದ್ಸಲನಾದ್ರೂ ಚೆನ್ನಾಗಿ ಮಾಡ್ದೆ ಅನ್ನದಿದ್ರೆ, ಮುಂದಿನ ಸಿನಿಮಾಗೆ ಬೇರೆ ಹೀರೋಯಿನ್ ನೋಡ್ಕೊಳ್ಳಿ."

ಲಗ್ಗೆರೆಯ ಮನೆ

ನಮ್ಮದು ಲಗ್ಗೆರೆಯಲ್ಲಿ ಮಹಡಿ ಮೇಲಿನ ಬಾಡಿಗೆ ಮನೆ. ಒಂದು ಬೆಳಿಗ್ಗೆ ಜಗಳದ ಸೀನು ಪ್ರಾಕ್ಟೀಸ್ ಮಾಡುತ್ತಿದ್ದೆವು. "ಈ ಮನೇಲಿ ಒಂದು ನಿಮಿಷಾನೂ ಇರಕ್ಕಾಗಲ್ಲ ನಂಗೆ!" ಎಂದು ಕಿರುಚಿದೆ. ಬಾಗಿಲು ಬಡಿದ ಸದ್ದು. ತೆಗೆದರೆ ಓನರ್ ಆಂಟಿ, ಕಣ್ಣಲ್ಲಿ ನೀರು.

"ಅಂಥಾದ್ದೇನಮ್ಮ ಕೊರತೆ ನಮ್ಮನೇಲಿ? ಆ ಸೋರೋ ನಲ್ಲಿ ತಾನೇ? ಇವತ್ತೇ ಪ್ಲಂಬರ್‌ನ ಕರೆಸ್ತೀನಿ."

ಎಷ್ಟು ಬೇಡಿಕೊಂಡರೂ ಆಗದಿದ್ದ ಕೆಲಸ ಮಧ್ಯಾಹ್ನದೊಳಗೆ ಮುಗಿಯಿತು. "ನೋಡಿದ್ರಾ, ಆಂಟಿ ಅತ್ತೇಬಿಟ್ರು. ಈಗ್ಲಾದ್ರೂ ಹೇಳಿ" ಅಂದೆ.

ಯಜಮಾನರು ಹೊಸ ನಲ್ಲಿಯನ್ನು ತಿರುಗಿಸಿ ನೋಡುತ್ತಾ, "ಪ್ಲಂಬರ್ ಚೆನ್ನಾಗಿ ಮಾಡಿದ್ದಾನೆ" ಅಂದರು.

ಪೀಣ್ಯದ ಗಾರ್ಮೆಂಟ್ಸ್

ಸಿನಿಮಾದಲ್ಲಿ ನನ್ನದು ಗಾರ್ಮೆಂಟ್ಸ್ ಕೆಲಸದವಳ ಪಾತ್ರ. ಪೀಣ್ಯದ ಒಂದು ಫ್ಯಾಕ್ಟರಿಯಲ್ಲಿ ಲೈಟ್ ಸರಿಮಾಡುವವರೆಗೆ ಅಲ್ಲಿಯ ಏಪ್ರನ್ ಹಾಕಿಕೊಂಡು ಮೂಲೆಯಲ್ಲಿ ಕೂತಿದ್ದೆ. ಸೂಪರ್‌ವೈಸರ್ ಬಂದು, "ಏನಮ್ಮ, ಶೂಟಿಂಗ್ ನೋಡಕ್ಕಾ ಸಂಬಳ ಕೊಡೋದು? ಏಳು, ದಾರ ಕಟ್ ಮಾಡು" ಎಂದು ಗದರಿಸಿದರು. ಪಾತ್ರಕ್ಕೆ ಅನುಭವ ಆಗಲಿ ಅಂತ ಸುಮ್ಮನೆ ಶರ್ಟುಗಳ ದಾರ ಕತ್ತರಿಸುತ್ತಾ ಕೂತೆ. ಇತ್ತ ಹೀರೋಯಿನ್ ಕಾಣದೆ ಫ್ಯಾಕ್ಟರಿ ತುಂಬ ಹುಡುಕಾಟ. ಕೊನೆಗೆ ನನ್ನನ್ನು ಕರೆದೊಯ್ಯಲು ಯಜಮಾನರು ಬಂದಾಗ ಸೂಪರ್‌ವೈಸರ್, "ಸಾರ್, ಈ ಹುಡುಗೀನ ಮಾತ್ರ ಬಿಟ್ಬಿಡಿ, ಸಕ್ಕತ್ತಾಗಿ ಕೆಲ್ಸ ಮಾಡ್ತಾಳೆ" ಅಂದರು.

ನಾನು ಆಸೆಯಿಂದ ಗಂಡನ ಮುಖ ನೋಡಿದೆ. ಅವರು ಒಂದು ಶರ್ಟನ್ನು ಬೆಳಕಿಗೆ ಹಿಡಿದು, "ಇಲ್ಲೊಂದು ದಾರ ಉಳಿದಿದೆ" ಅಂದರು.

ಅತ್ತಿಬೆಲೆ ಬಸ್ ಸ್ಟಾಪ್

ಶೂಟಿಂಗಿನ ಕೊನೆಯ ದಿನ. ಗಂಡನನ್ನು ಬಿಟ್ಟು ಹೊರಟವಳು ಬಸ್ ಸ್ಟಾಪಿನಲ್ಲಿ ಕೂತು ಅಳುವ ಸೀನು. ಜನ ಸಹಜವಾಗಿರಲಿ ಅಂತ ಕ್ಯಾಮೆರಾವನ್ನು ಎದುರಿನ ವ್ಯಾನಿನೊಳಗೆ ಬಚ್ಚಿಟ್ಟಿದ್ದರು. ನಾನು ಚೀಲ ತಬ್ಬಿಕೊಂಡು ಅಳತೊಡಗಿದೆ. ಸೊಪ್ಪು ಮಾರಿ ಮನೆಗೆ ಹೊರಟಿದ್ದ ಅಜ್ಜಿಯೊಬ್ಬರು ಪಕ್ಕಕ್ಕೆ ಬಂದು ಕೂತರು.

"ಯಾಕವ್ವಾ ಇಂಗೆ ಅಳ್ತೀಯಾ? ಗಂಡ ಹೊಡುದ್ನಾ?"

ಸೀನು ಹಾಳಾಗಬಾರದಲ್ಲ, ಅಳುತ್ತಲೇ ಹೇಳಿದೆ: "ಇಲ್ಲಜ್ಜಿ. ಏನ್ ಮಾಡಿದ್ರೂ ಒಂದು ಒಳ್ಳೆ ಮಾತಾಡಲ್ಲ."

ಇದು ಸ್ಕ್ರಿಪ್ಟಿನಲ್ಲಿ ಇರಲಿಲ್ಲ. ಅಷ್ಟೊತ್ತಿಗೆ ಅಳುವೂ ನಿಜದ್ದೇ ಆಗಿಬಿಟ್ಟಿತ್ತು.

"ಎಲ್ಲವ್ನೆ ಅವ್ನು?"

ನಾನು ವ್ಯಾನಿನ ಕಡೆ ಕೈ ತೋರಿಸಿದೆ. ಅಜ್ಜಿ ಸೀದಾ ಹೋಗಿ ಬಾಗಿಲು ಎಳೆದರು. ಒಳಗೆ ನಮ್ಮ ಡೈರೆಕ್ಟರು ಮಾನಿಟರ್ ಮುಂದೆ ಕೂತಿದ್ದರು.

"ಹೆಂಡ್ರು ಬೀದೀಲಿ ಕುಂತು ಅಳ್ತಾವ್ಳೆ, ನೀನಿಲ್ಲಿ ಟಿವಿ ನೋಡ್ತಾ ಇದ್ದೀಯಾ? ಬಾ ಈಚೆ! ಒಂದೊಳ್ಳೆ ಮಾತು ಯೋಳು ಅವ್ಳಿಗೆ!"

ತೋಳು ಹಿಡಿದು ನನ್ನ ಮುಂದೆ ತಂದು ನಿಲ್ಲಿಸಿದರು. ಜನ ಸೇರಿದರು. ಯೂನಿಟ್‌ನವರೆಲ್ಲ ಬಾಯಿ ಬಿಟ್ಟುಕೊಂಡು ನೋಡುತ್ತಿದ್ದರು. ಯಜಮಾನರು ತಲೆ ತಗ್ಗಿಸಿ, "ಚೆನ್ನಾಗಿ ಮಾಡ್ತೀಯ ಕಣೇ. ಎಲ್ರಿಗಿಂತ ಚೆನ್ನಾಗಿ" ಅಂದರು.

ಇಷ್ಟು ವರ್ಷ ಕಾದಿದ್ದ ಮಾತು. ಕಣ್ಣೊರೆಸಿಕೊಂಡು, ಎಲ್ಲರಿಗೂ ಕೇಳುವ ಹಾಗೆ ಹೇಳಿದೆ:

"ಧ್ವನಿ ಸಾಲ್ದು ರೀ. ಇನ್ನೊಂದು ಟೇಕ್."