ತೊಲೆಗೊಂದು ತೂತು

ಹನ್ನೆರಡೇ ಅಡಿ ದೂರದಲ್ಲಿರುವ ಹೆಂಡತಿಗಾಗಿ ಹಂಬಲಿಸಿ ಬಡವಾದ ಗಂಡಸನ್ನು ನೀವು ಕಂಡಿದ್ದೀರೋ ಇಲ್ಲವೋ, ನಮ್ಮ ಗಡಿಯಾರದಯ್ಯ ಅಂಥವನು. ಗಡಿಯಾರ ರಿಪೇರಿ ಅಂಗಡಿಯ ಬಾಗಿಲು ಹಾಕಿ ಸಂಜೆ ಮನೆಗೆ ಬಂದರೆ ಅವನು ಮುಂದಿನ ಕೋಣೆಯಲ್ಲಿ, ಅವಳು ಹೊಲಿಗೆ ಯಂತ್ರದ ಜೊತೆ ಹಿಂದಿನ ಕೋಣೆಯಲ್ಲಿ. ಮನೆಗಿದ್ದ ಒಂದೇ ಜೋರು ದೀಪ ಅಲ್ಲಿತ್ತು. ನಡುವೆ ಹಲಗೆ ಗೋಡೆ. ಅದರ ನೆತ್ತಿಯ ಮೇಲೆ ಮಹಡಿ ಹೊತ್ತ ಮರದ ತೊಲೆ.

“ಬಾ, ಪಕ್ಕದಲ್ಲಿ ಕೂತ್ಕೋ” ಎಂದಿದ್ದರೆ ಮುಗಿಯುತ್ತಿತ್ತು. ಇಪ್ಪತ್ತಾರು ವರ್ಷ ಸಂಸಾರ ಮಾಡಿದವನಿಗೆ ಅಂಥ ಮಾತು ಗಂಟಲಲ್ಲೇ ಸಿಕ್ಕಿಕೊಳ್ಳುತ್ತದೆ.

“ಮುಂದಿನ ಕೋಣೆಗೂ ಒಂದು ಜೋರು ದೀಪ ಹಾಕ್ತೀನಿ. ನಿನ್ನ ಮಿಷನ್ ಅಲ್ಲಿಗೇ ತಂದ್ಬಿಡು. ಗಾಳಿ ಚೆನ್ನಾಗಿದೆ.”

“ಗಾಳಿ ಮೇಲೆ ಯಾವಾಗಿಂದ ಇಷ್ಟು ಪ್ರೀತಿ?”

ವೈರು ತೊಲೆ ದಾಟಬೇಕು. ಬಡಗಿಯಾದ ಭಾವಮೈದುನ ಬರುವಷ್ಟರಲ್ಲಿ ಗಡಿಯಾರದಯ್ಯ ಕೈಯಲ್ಲಿ ತಿರುಗಿಸುವ ಡ್ರಿಲ್ ಹಿಡಿದು, ಕೈಗೆ ಎಟುಕಿದ ಕೆಳ ಅಂಚಿಗೇ ಗುರುತು ಹಾಕಿದ್ದ.

“ಅಯ್ಯೋ ಭಾವ! ತೊಲೆಯ ಜೀವ ಇರೋದೇ ಮೇಲಂಚು ಕೆಳಂಚಲ್ಲಿ. ಅಲ್ಲಿ ಕೊರೆದ್ರೆ ಮಹಡಿ ಮೇಲಿರೋ ನಿಮ್ಮಮ್ಮ ಮಂಚದ ಸಮೇತ ಕೆಳಗೆ ದಯಮಾಡಿಸ್ತಾರೆ.”

“ಮತ್ತೆಲ್ಲಿ ಕೊರೀಲಪ್ಪ?”

“ಎತ್ತರದ ಸರಿ ಮಧ್ಯಕ್ಕೆ. ತುದಿಗಳಿಂದ ದೂರ. ವೈರು ನುಸುಳೋಷ್ಟು ಸಣ್ಣದು, ಒಂದೇ ಒಂದು. ಮೊದ್ಲು ಕರೆಂಟ್ ಆಫ್ ಮಾಡಿ!”

ಕೈಗಡಿಯಾರದ ಸ್ಕ್ರೂ ತಿರುಗಿಸಿದ ಕೈಗೆ ಅಳತೆ ಹೇಳಿಕೊಟ್ಟರೆ ಬಿಟ್ಟೀತೆ? ಮೂರು ದಿನ ಅಳೆದ, ಅದೂ ಭೂತಗನ್ನಡಿ ಹಿಡಿದು. ನಾಲ್ಕನೆಯ ದಿನ ತೊಲೆಭೇದನ ಮಹಾಕಾರ್ಯ ನಿರ್ವಿಘ್ನವಾಗಿ ನೆರವೇರಿತು. (ಮಹಡಿಯಿಂದ ತಾಯಿ “ಮನೆ ಬೀಳಿಸ್ತಿದ್ದೀಯೇನೋ?” ಎಂದು ಕೂಗಿದ್ದನ್ನು ಬಿಟ್ಟರೆ.)

ದೀಪ ಹತ್ತಿತು. ಯಂತ್ರ ಬಂತು. ಪಕ್ಕದಲ್ಲೇ ಕುರ್ಚಿ ಹಾಕಿಕೊಂಡು, ಅವಳ ತಲೆಗಂಟಿದ್ದ ದಾರದೆಳೆಯೊಂದನ್ನು ತೆಗೆಯಲು ಕೈ ಚಾಚಿದ್ದನಷ್ಟೇ, ಬಾಗಿಲು ಬಡಿದ ಸದ್ದು.

“ಅಳತೆ ಕೊಡೋ ಹೆಂಗಸರು ಬಂದ್ರು. ಎದ್ದೇಳಿ, ಒಳಗೆ ಹೋಗಿ.”

ಹಿಂದಿನ ಕೋಣೆಯವರೆಗೆ ಬರಲು ಸಂಕೋಚಪಡುತ್ತಿದ್ದವರಿಗೆಲ್ಲ ಈಗ ಬೀದಿಬಾಗಿಲಲ್ಲೇ ಬೆಳಕು. ಒಬ್ಬಳು ಹೋದರೆ ಇಬ್ಬರು. ಗಡಿಯಾರದಯ್ಯನಿಗೆ ಹಿಂದಿನ ಕೋಣೆಗೆ ಕಾಯಂ ಗಡೀಪಾರು.

ಅಲ್ಲಿ ಅವನ ಪಾಲಿಗೆ ಉಳಿದದ್ದು ಆ ತೂತು. ಸ್ಟೂಲು ಹತ್ತಿ ಕಿವಿಯಿಟ್ಟರೆ ವೈರಿನ ಸಂದಿಯಿಂದ ಯಂತ್ರದ ಟಕಟಕ. ಸದ್ದು ಕೇಳಿಯೇ ಗಡಿಯಾರದ ಕಾಯಿಲೆ ಹೇಳುವ ಕಿವಿಯದು. ಅವಳು ದಾರ ಕಚ್ಚಿ ತುಂಡು ಮಾಡಲು ನಿಲ್ಲಿಸಿದ್ದೂ ಅದಕ್ಕೆ ತಿಳಿಯುತ್ತಿತ್ತು.

ವಾರ ಕಳೆಯಿತು. ಹೆಂಡತಿ ತಮ್ಮನನ್ನು ಕರೆಸಿದಳು.

“ತೊಲೆಯೊಳಗಿಂದ ಯಾರೋ ನಿಟ್ಟುಸಿರು ಬಿಟ್ಟ ಹಾಗೆ ಕೇಳ್ಸುತ್ತೆ ಕಣೋ. ಬಂದೋರೆಲ್ಲ ಹೆದರ್ತಿದ್ದಾರೆ. ತೂತು ಕೊರೆದು ಮರ ಕೆಟ್ಟಿತೇನೋ ನೋಡು.”

ಬಡಗಿ ತೊಲೆ ತಟ್ಟಿದ. ಸ್ಟೂಲಿನ ಧೂಳಿನಲ್ಲಿದ್ದ ಹೆಜ್ಜೆ ಗುರುತು ನೋಡಿದ. ಭಾವನ ಕಿವಿಗಂಟಿದ ಮರದ ಪುಡಿ ನೋಡಿದ.

“ತೊಲೆ ಗಟ್ಟಿಯಾಗಿದೆ ಅಕ್ಕ. ಕೆಳಗೆ ನಿಂತೋರು ಮಾತ್ರ ಸ್ವಲ್ಪ ಟೊಳ್ಳಾಗಿದ್ದಾರೆ.”

ಅವಳೂ ಆ ಕಿವಿ ನೋಡಿದಳು. ಅವಳ ಮುಖ ಮೆತ್ತಗಾಯಿತು.

“ಅಲ್ಲಾರೀ, ಇದಕ್ಕೆ ಮನೆ ಕೊರೀಬೇಕಿತ್ತಾ? ನಾನು ಹಿಂದಿನ ಕೋಣೇಲಿದ್ದಾಗ ನೀವೇ ಒಂದು ಕುರ್ಚಿ ತಂದ್ಕೊಂಡು ಕೂತಿದ್ರೆ ಆಗ್ತಿರ್ಲಿಲ್ವಾ?”

ಇಪ್ಪತ್ತಾರು ವರ್ಷದಲ್ಲಿ ಈ ಉಪಾಯ ಅವನಿಗೆ ಹೊಳೆದಿರಲಿಲ್ಲ. ಈಗ ಹೊಳೆಯಿತು. ಬಾಯಿ ತೆರೆದ. ಬಾಗಿಲು ಬಡಿದ ಸದ್ದಾಯಿತು.

ಗಡಿಯಾರದಯ್ಯ, ಹೇಳಿಸಿಕೊಳ್ಳದೆ, ಕುರ್ಚಿ ಎತ್ತಿಕೊಂಡು ಹಿಂದಿನ ಕೋಣೆಗೆ ನಡೆದ.