ಭಾಗ್ಯಶ್ರೀಯ ಎಡಗೈ

ಒಂದು ಕೆಲಸ ಅರ್ಧಂಬರ್ಧ ಬರುವವನ ಪಾಡು ಪೂರ್ತಿ ಬರುವವನಿಗೂ ಇಲ್ಲ, ಏನೂ ಬಾರದವನಿಗೂ ಇಲ್ಲ. ಪೂರ್ತಿ ಬರುವವನು ಅಂಗಡಿ ಹಾಕುತ್ತಾನೆ. ಏನೂ ಬಾರದವನು ಉಂಡು ಮಲಗುತ್ತಾನೆ. ಅರ್ಧ ಬರುವವನನ್ನು ನೆಂಟರು ಹಿಡಿಯುತ್ತಾರೆ. ನಾನು ಗೋಕಾಕದ ಒಂದು ಹೈಸ್ಕೂಲಿನಲ್ಲಿ ಗಣಿತ ಕಲಿಸುವ ಮಾಸ್ತರ. ಹಿಂದೊಮ್ಮೆ ನಮ್ಮ ಹೆಡ್‌ಮಾಸ್ತರರು ನಿವೃತ್ತರಾದಾಗ ಅವರ ಫೋಟೋದಲ್ಲಿ ಬೆನ್ನ ಹಿಂದಿದ್ದ ಶೌಚಾಲಯದ ಬಾಗಿಲನ್ನು ಕಂಪ್ಯೂಟರಿನಲ್ಲಿ ಅಳಿಸಿ, ಅಲ್ಲಿ ತಿಳಿನೀಲಿ ಆಕಾಶ ಕೂಡಿಸಿ ಫ್ಲೆಕ್ಸಿಗೆ ಕೊಟ್ಟೆ. ಅದೇ ತಪ್ಪಾಯಿತು. ಅಂದಿನಿಂದ ನಮ್ಮ ಬಳಗದಲ್ಲಿ ಯಾರನ್ನು ಯಾರ ಬಾಜೂದಿಂದ ತೆಗೆಯಬೇಕಾದರೂ ನನಗೇ ಫೋನು. ಜಗಳ ಅವರು ಆಡುತ್ತಾರೆ, ಮೌಸ್ ನಾನು ಹಿಡಿಯಬೇಕು. ‘ಆ ಮನಿಷ್ಯಾನ್ನ ಒಂದೀಟ ತಗದ ಕೊಡು’ ಎನ್ನುವಾಗ ಅವರ ದನಿ ಅನ್ನದೊಳಗಿನ ಕರಿಬೇವು ತೆಗೆದಿಡು ಎಂದಷ್ಟೇ ಹಗುರ. ಹೀಗೆ ನನ್ನ ಕೈಯಿಂದ ಹೋದವರಲ್ಲಿ ಇಬ್ಬರು ಬೀಗರು, ಒಬ್ಬ ಷಡ್ಡಕ, ಒಂದು ಎಮ್ಮೆ ಸೇರಿವೆ. ಎಮ್ಮೆಯ ವಿಷಯದಲ್ಲಿ ಮಾತ್ರ ನನಗೆ ಪಶ್ಚಾತ್ತಾಪವಿದೆ.

ಹುಕ್ಕೇರಿಯಲ್ಲಿರುವ ನಮ್ಮಕ್ಕನ ಮಗಳು ಭಾಗ್ಯಶ್ರೀ. ಸಂಕೇಶ್ವರದ ಒಂದು ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಮಾಡುವ ಕೆಲಸ. ಕ್ಯಾಮೆರಾ ಎದುರು ಬಂದರೆ ಸಾಕು, ಸೂಜಿ ಚುಚ್ಚಿಸಿಕೊಳ್ಳುವವಳಂತೆ ಕಣ್ಣು ಮುಚ್ಚುತ್ತಾಳೆ. ಬಂದ ಸಂಬಂಧಗಳಿಗೆಲ್ಲ ‘ಬ್ಯಾಡ’ ಎನ್ನುತ್ತಿದ್ದವಳು ಮೂಡಲಗಿಯ ಹುಡುಗನೊಬ್ಬನ ಬಗ್ಗೆ ಮಾತ್ರ, ‘ದನದ ದವಾಖಾನ್ಯಾಗ ಇದ್ದಾರಂತ. ಅವರಿಗೂ ಸೂಜಿ ಹಿಡಿಯಾಕ ಬರತೈತಿ, ಮಾತಾಡಾಕ ಏನರ ಸಿಗತೈತಿ. ಬರ್ಲಿ’ ಎಂದಳು. ಅಕ್ಕ ಆ ‘ಬರ್ಲಿ’ಯನ್ನು ನೆಲಕ್ಕೆ ಬೀಳಗೊಡದೆ ಹಿಡಿದುಕೊಂಡು ನನಗೆ ಫೋನು ಮಾಡಿದಳು.

‘ತಮ್ಮಾ, ಭಾಗೀದೊಂದು ಫೋಟೋ ಕಳಿಸೇನಿ. ಇದೊಂದರಾಗ ಕಣ್ಣ ತಗದು ನಕ್ಕಾಳ. ಬಾಜೂಕ ನಿಂತಾಕಿನ್ನ ತಗದ ಬಿಡು.’

‘ಆಕಿ ಗೆಳತಿ ಅಲ್ಲೇನ? ಇರಲಿ ಬಿಡು.’

‘ಆಕಿ ಭಾಗೀಕಿಂತ ಚಂದ ಅದಾಳ. ಹುಡುಗನ ಕಡಿಯವರು ಆಕಿನ್ನ ಒಪ್ಪಿದ್ರ ಏನ್ ಮಾಡ್ತಿ? ಆಕಿಗಿ ಲಗ್ನ ಆಗೇತಿ.’

ಈ ಫೋಟೋ ತೆಗೆದವನು ನಾನೇ ಎಂದು ನನ್ನ ನೆನಪು. ಕೌಜಲಗಿಯಲ್ಲಿ ಬಳಗದ ಮದುವೆ, ಹಿಂದೆ ದೊಡ್ಡ ಬೇವಿನ ಮರ, ಎಲೆಗಳ ಸಂದಿನಿಂದ ಇಳಿಯುವ ಬಿಸಿಲು. ತೆರೆದು ನೋಡಿದರೆ ಬೇವಿನ ಮರವಿಲ್ಲ. ಪೆಂಡಾಲಿನ ಬಿಳಿ ಬಟ್ಟೆ ಇದೆ, ಒಂದು ಜನರೇಟರ್ ಗಾಡಿ ಇದೆ, ಅದರ ಮೇಲೆ ಯಾರದೋ ಟವೆಲ್ಲು ಒಣಗುತ್ತಿದೆ. ಅಕ್ಕನನ್ನು ಕೇಳಿದರೆ ‘ನೀ ಎಲ್ಲಿ ತಗದಿ? ನೀ ಆವಾಗ ಉಣ್ಣಾಕತ್ತಿದ್ದಿ’ ಎಂದಳು. ನನ್ನ ನೆನಪಿನ ಯೋಗ್ಯತೆ ಇಷ್ಟು. ಮುಂದೆ ಎಲ್ಲಾದರೂ ನಾನು ಬೇವಿನ ಮರದಂಥದ್ದನ್ನು ನೆಟ್ಟಿದ್ದು ಕಂಡರೆ ಓದುಗರು ತಾವೇ ಅಳಿಸಿಕೊಳ್ಳಬೇಕು.

ಮೊದಲು ಮೊಬೈಲಿನ ಆ್ಯಪ್ ಒಂದಕ್ಕೆ ಕೊಟ್ಟೆ. ಒಂದೇ ಗುಂಡಿ ಒತ್ತಿದರೆ ಬೇಡದ್ದೆಲ್ಲ ಮಾಯ ಎಂದು ಅದರ ಹೇಳಿಕೆ. ಒತ್ತಿದೆ. ಭಾಗ್ಯಶ್ರೀ ಮಾಯವಾದಳು, ಗೆಳತಿ ಉಳಿದಳು. ಅಕ್ಕನ ಭಯ ಯಂತ್ರಕ್ಕೂ ಗೊತ್ತಿತ್ತು. ಕೊನೆಗೆ ಕಂಪ್ಯೂಟರಿನ ಮುಂದೆ ಕೂತು, ಅಂಚಿನುದ್ದಕ್ಕೂ ಚುಕ್ಕೆ ಇಡುತ್ತ ಕೈಯಾರೆ ಕತ್ತರಿಸತೊಡಗಿದೆ. ಈಗಿನ ಮದುವೆಗಳಲ್ಲಿ ಗೆಳತಿಯರೆಲ್ಲ ಒಂದೇ ಬಣ್ಣದ ಸೀರೆ ಉಡುವ ಪದ್ಧತಿಯನ್ನು ಯಾರು ತಂದರೋ, ಅವರನ್ನು ನನ್ನ ಕುರ್ಚಿಯಲ್ಲಿ ಒಂದು ದಿನ ಕೂರಿಸಬೇಕು. ಹಸಿರು ಎಲ್ಲಿ ಮುಗಿದು ಹಸಿರು ಎಲ್ಲಿ ಶುರುವಾಗುತ್ತದೆ ಎಂದು ಹುಡುಕುತ್ತ ಮಧ್ಯಾಹ್ನ ಕಳೆಯಿತು. ಮುಡಿದ ಮಲ್ಲಿಗೆಯನ್ನು ಕಂಪ್ಯೂಟರು ಪೆಂಡಾಲಿನ ಬಟ್ಟೆ ಎಂದುಕೊಂಡು ಹೂವಿನ ಜೊತೆ ಅರ್ಧ ಕಿವಿಯನ್ನೂ ತಿಂದಿತು. ಕಿವಿಯನ್ನು ಮರಳಿ ತಂದರೆ ಅದರ ಹಿಂದೆ ಟವೆಲ್ಲೂ ಬಂತು. ಚಹಾ ಇಟ್ಟು ಹೋಗಲು ಬಂದ ನನ್ನ ಹೆಂಡತಿ ಕ್ಷಣ ನಿಂತು ನೋಡಿ, ‘ಹೀಂಗ ಎವಿ ಬಡೀಲಾರದ ಒಂದ ದಿನಾನೂ ನನ್ನ ಮಾರಿ ನೋಡಿಲ್ಲ ನೀವು’ ಎಂದು ಹೋದಳು.

ನಿಜವಾದ ತೊಡಕು ಎಡಗೈಯದು. ಭಾಗ್ಯಶ್ರೀ ಗೆಳತಿಯ ಬೆನ್ನ ಹಿಂದಿನಿಂದ ಕೈ ಹಾಕಿ ನಿಂತಿದ್ದಳು. ಮೊಳಕೈವರೆಗೆ ಕೈ ಕಾಣುತ್ತದೆ, ಆಮೇಲೆ ಗೆಳತಿಯ ಬೆನ್ನ ಹಿಂದೆ ಹೋಗಿ, ಆಚೆ ಹೆಗಲ ಮೇಲೆ ನಾಲ್ಕು ಬೆರಳಾಗಿ ಏಳುತ್ತದೆ. ಗೆಳತಿಯನ್ನು ತೆಗೆದೊಡನೆ ಆ ನಾಲ್ಕು ಬೆರಳು, ಯಾರೋ ಗೋಡೆ ಹಿಡಿದು ಇಣುಕುವವರಂತೆ, ಗಾಳಿಯಲ್ಲಿ ಉಳಿದವು. ಅವನ್ನೂ ಅಳಿಸಿದೆ. ಮೊಳಕೈಯಿಂದ ಮುಂದಿನ ಕೈ ಬೆನ್ನ ಹಿಂದೆ ಇದೆ ಎಂದು ನೋಡುವವರು ಊಹಿಸಿಕೊಳ್ಳುತ್ತಾರೆ ಎಂದುಕೊಂಡೆ. ಗಣಿತದ ಮಾಸ್ತರನಿಗೆ ಊಹಿಸಿಕೊಳ್ಳಿ ಎನ್ನುವುದು ಬಾಯಿಪಾಠ. ಫೋಟೋ ಮೂಡಲಗಿಗೆ ಹೋಯಿತು.

ಮೂರನೇ ದಿನಕ್ಕೆ ಹುಡುಗನ ಕಾಕಾನಿಂದ ಫೋನು. ಆ ಮನೆಯಲ್ಲಿ ಮಾತಾಡುವ ಹಿರಿಯರು ಅವರೇ.

‘ನಮಸ್ಕಾರ್ರಿ ಸರ. ಫೋಟೋ ನೋಡಿದ್ವಿ, ಚಲೋ ಐತಿ. ಒಂದ ಮಾತು ಕೇಳೂದಿತ್ತು, ತಪ್ಪ ತಿಳೀಬ್ಯಾಡ್ರಿ. ಹುಡುಗಿ ಸಣ್ಣಾಕಿದ್ದಾಗ ಕಬ್ಬಿನ ಗಾಣದಾಗ, ಹಿಟ್ಟಿನ ಗಿರಣ್ಯಾಗ, ಹಂಗೇನರ ಆಗಿತ್ತೇನ್ರಿ?’

‘ಇಲ್ಲಲ್ರಿ. ಯಾಕ?’

‘ಎಡಗೈ ಕಾಣವಲ್ದು.’

ನಾನು ಗಾಬರಿಯಲ್ಲಿ, ‘ಕೈ ಐತ್ರಿ ಕಾಕಾರ. ಬ್ಯಾರೆ ಫೈಲಿನಾಗ ಐತಿ’ ಎಂದೆ.

ಅವರು ತುಂಬ ಮೆತ್ತಗೆ, ‘ಇರ್ಲಿ ಬಿಡ್ರಿ. ಮುಚ್ಚಿಡೂದು ಮಾತ್ರ ಬ್ಯಾಡ’ ಎಂದು ಇಟ್ಟರು.

ಮೂಲ ಫೋಟೋ ಕಳಿಸಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಆದರೆ ಅದರಲ್ಲಿ ಗೆಳತಿ ಇದ್ದಳು, ಅಕ್ಕ ಬಿಡಳು. ನನಗೋ ಒಂದು ಉಪಾಯ ಹೊಳೆಯಿತು. ಅರ್ಧ ಬರುವವನಿಗೆ ಹೊಳೆಯುವ ಉಪಾಯದಷ್ಟು ಅಪಾಯದ್ದು ಇನ್ನೊಂದಿಲ್ಲ. ಬಲಗೈಯನ್ನು ನಕಲು ಮಾಡಿ, ತಿರುಗಿಸಿ, ಎಡಕ್ಕೆ ಅಂಟಿಸಿದೆ. ಕೈ ಸೊಗಸಾಗಿ ಕೂತಿತು. ಕಳಿಸಿದೆ. ಹತ್ತು ನಿಮಿಷಕ್ಕೆ ಕಾಕಾ.

‘ಈಗ ಕೈ ಬಂತ್ರಿ ಸರ. ಯಾವಾಗ ಹಚ್ಚಿಸಿದ್ರಿ?’

‘ಹಚ್ಚಿಸಿದ್ದಲ್ರಿ, ಖರೇ ಕೈ.’

‘ಹಂಗಲ್ರಿ, ಎರಡೂ ಕೈಗಿ ವಾಚ್ ಐತಿ. ಹಚ್ಚಿಸಿದ ಕೈ ಸೆಲ್ ಮ್ಯಾಲ ನಡೀತೈತೇನ್ರಿ?’

ಬಲಗೈಯಲ್ಲಿ ವಾಚು ಕಟ್ಟುವ ಅಭ್ಯಾಸ ಹುಡುಗಿಗೆ ಯಾಕೆ ಬೇಕಿತ್ತೋ. ಸುದ್ದಿ ಹುಕ್ಕೇರಿ ಮುಟ್ಟಿದಾಗ ಅಕ್ಕ ಅತ್ತಳು, ಆಮೇಲೆ ಬೈದಳು. ‘ಗೆಳತೀನ್ನ ತಗಿ ಅಂದ್ರ ನನ್ನ ಮಗಳ ಕೈ ಯಾಕ ತಗದಿ? ಆಕಿ ಬಾಯಿಬಿಟ್ಟು ಬರ್ಲಿ ಅಂದದ್ದು ಇದೊಂದ ಸಂಬಂಧಕ್ಕ. ಇದು ಮುರೀತಂದ್ರ ನೀ ನನಗ ತಮ್ಮ ಅಲ್ಲ.’ ಭಾಗ್ಯಶ್ರೀ ಅಕ್ಕನ ಕೈಯಿಂದ ಫೋನು ತಗೊಂಡು, ‘ಮಾಮಾ, ಇನ್ನ ಏನೂ ಕಳಸಬ್ಯಾಡ. ಮೂರನೇ ಕೈ ಬಂದೀತು. ಆಯ್ತವಾರ ಅವರ ಬರ್ಲಿ, ನೋಡೂಣು’ ಎಂದಳು. ದನಿಯಲ್ಲಿ ನಗೆ ಇತ್ತು. ನಗೆ ಪೂರ್ತಿ ಇತ್ತು ಎಂದು ಮಾತ್ರ ಹೇಳಲಾರೆ.

ಭಾನುವಾರ ನಾನು ಗೋಕಾಕದಿಂದ ಕರದಂಟಿನ ಡಬ್ಬಿ ಹಿಡಿದು ಹುಕ್ಕೇರಿಗೆ ಹೋದೆ. ಮೂಡಲಗಿಯವರು ಆರು ಜನ ಬಂದರು. ಹನ್ನೆರಡು ಕಣ್ಣಲ್ಲಿ ಹತ್ತು ಹುಡುಗಿಯ ಎಡಭಾಗದ ಮೇಲೆ. ಉಳಿದೆರಡು ಹುಡುಗನವು, ಅವು ನಾಚಿಕೆಯಿಂದ ಜಮಖಾನೆ ನೋಡುತ್ತಿದ್ದವು. ಭಾಗ್ಯಶ್ರೀ ನೀರು ಕೊಟ್ಟಳು, ಬಲಗೈಯಿಂದ. ಚಹಾ ಕೊಟ್ಟಳು, ಬಲಗೈಯಿಂದ. ಎಡಗೈ ಮರ್ಯಾದೆಯಿಂದ ಸೆರಗಿನೊಳಗೆ ಬಲಮೊಳಕೈಗೆ ಆನಿಕೊಂಡಿತ್ತು. ಹಿರಿಯರಿಗೆ ಎಡಗೈಯಲ್ಲಿ ಕೊಡಬಾರದು ಎಂದು ಅಕ್ಕ ಚಿಕ್ಕಂದಿನಿಂದ ಗದರಿಸಿ ಕಲಿಸಿದ್ದು ಈಗ ನನ್ನ ಕೊರಳಿಗೆ ಬಂತು. ಆ ಜನ ತಾನೇ ಹೇಗೆ ಕೇಳಬೇಕು? ಹೆಣ್ಣು ನೋಡಲು ಬಂದವರು ‘ಎಡಗೈಲೆ ಕೊಡವಾ’ ಎಂದು ಬಾಯಿಬಿಟ್ಟು ಕೇಳುವಂತಿಲ್ಲ. ಕಾಕಾ ‘ಶೆಕಿ ಭಾಳ, ಆ ಕಿಡಕಿ ತಗಿಯವಾ’ ಎಂದರು. ಬಲಗೈಯಿಂದಲೇ ತೆಗೆದಳು.

ಆಗ ಭಾಗ್ಯಶ್ರೀ ಕಾಕಾನ ತಟ್ಟೆ ನೋಡಿದಳು. ‘ಕಾಕಾರ, ಚಾದಾಗ ಸಕ್ಕರಿ ಬ್ಯಾಡಂದ್ರಿ. ಕರದಂಟು ಮೂರನೇದು ತಿನ್ನಾಕತ್ತೀರಿ.’

‘ಇದು ಬೆಲ್ಲದ್ದವಾ, ನಡೀತೈತಿ.’

ಅವಳು ಒಳಗಿನಿಂದ ಸಕ್ಕರೆ ನೋಡುವ ಸಣ್ಣ ಮಷೀನು ತಂದು ಅವರೆದುರು ಕೂತಳು. ‘ಬೆರಳ ಕೊಡ್ರಿ.’ ಎಡಗೈಯಿಂದ ಅವರ ಬೆರಳನ್ನು ಗಟ್ಟಿಯಾಗಿ ಹಿಡಿದು, ಹಿಚುಕಿ, ಬಲಗೈಯಿಂದ ಚುಚ್ಚಿದಳು. ಐದೂ ಜನ ಬಗ್ಗಿ ನೋಡಿದರು. ರಕ್ತ ಯಾರೂ ನೋಡಲಿಲ್ಲ. ಕಾಕಾ ಹೆಂಡತಿಯ ಕಡೆ ತಿರುಗಿ, ‘ಬಿಸಿ ಐತಿ. ಗಟ್ಟಿನೂ ಐತಿ’ ಎಂದರು. ಸಕ್ಕರೆ ಬಹಳ ಬಂತು. ಭಾಗ್ಯಶ್ರೀ ಅದೇ ಎಡಗೈಯಿಂದ ಅವರ ಮುಂದಿನ ಕರದಂಟಿನ ತಟ್ಟೆ ಎತ್ತಿಕೊಂಡಳು. ಎಡಗೈಯಲ್ಲಿ ಕೊಡಬಾರದು ಎಂದಿದೆ, ಕಸಿಯಬಾರದು ಎಂದು ಯಾರೂ ಹೇಳಿಲ್ಲ.

ಹುಡುಗ ಮೊದಲ ಸಲ ತಲೆ ಎತ್ತಿದ. ‘ನಮ್ಮ ದವಾಖಾನ್ಯಾಗ ಒಂದ ಎಮ್ಮಿ ಹಿಡಿಯಾಕ ಮೂರ ಮಂದಿ ಬೇಕ್ರಿ.’

‘ಕಾಕಾರಿಗಿ ನಾ ಒಬ್ಬಾಕೇ ಸಾಕಾದ್ನಿ ನೋಡ್ರಿ’ ಎಂದಳು ಇವಳು.

ಸಂಬಂಧ ಅಲ್ಲೇ ಗಟ್ಟಿಯಾಯಿತು. ಗೆಳತಿಯನ್ನು ಅಳಿಸಹೋಗಿ ನಾನು ಕೈ ಅಳಿಸಿದ ಕಥೆಯನ್ನು ಭಾಗ್ಯಶ್ರೀಯೇ ನಗುತ್ತ ಕಾಕಾನಿಗೆ ಹೇಳಿದಳು. ಸಕ್ಕರೆ ಹಂಚಿದರು, ಕಾಕಾನನ್ನು ಬಿಟ್ಟು. ಅಕ್ಕ ನನ್ನತ್ತ ನೋಡಿ ಕಣ್ಣೊರೆಸಿಕೊಂಡಳು. ನಾನು ಮತ್ತೆ ತಮ್ಮನಾದೆ. ಎಲ್ಲರೂ ಸೇರಿ ಒಂದು ಫೋಟೋ ಎಂದಾಗ ಅಂಗಳದಲ್ಲಿ ಜನರನ್ನು ನಿಲ್ಲಿಸುವ ಹೊಣೆಯನ್ನು ಕಾಕಾ ತಾವೇ ಹೊತ್ತರು. ಹುಡುಗ ಹುಡುಗಿ ನಡುವೆ, ಹೆಣ್ಣುಮಕ್ಕಳು ಈ ಕಡೆ, ಗಂಡಸರು ಆ ಕಡೆ. ನಾನು ಸೋದರಮಾವ, ಲಗ್ನದಲ್ಲಿ ನನ್ನದೊಂದು ಸ್ಥಾನವಿದೆ ಎಂಬ ಧೈರ್ಯದಲ್ಲಿ ಹುಡುಗಿಯ ಪಕ್ಕಕ್ಕೆ ಹೋಗಿ ನಿಂತೆ. ಕಾಕಾ ಬಂದು ವಿಶ್ವಾಸದಿಂದ ನನ್ನ ತೋಳು ಹಿಡಿದು ಕರೆದುಕೊಂಡು ಹೋದರು.

‘ಸರ, ನೀವು ಈ ತುದೀಗಿ ನಿಂದರ್ರಿ. ನಡುವ ನಿಂತ್ರ ಮುಂದ ಯಾರಿಗರ ನಿಮ್ಮನ್ನ ತಗಿಯೂದಾತಂದ್ರ ತ್ರಾಸ ಆಗತೈತಿ.’

ನಾನು ತುದಿಗೆ ನಿಂತೆ. ಪಕ್ಕದವರಿಂದ ಒಂದು ಗೇಣು ದೂರವನ್ನೂ ಬಿಟ್ಟುಕೊಂಡೆ. ಕತ್ತರಿಸುವವನ ಕಷ್ಟ ಏನೆಂದು ನನಗೆ ಗೊತ್ತಿದೆ.